ಹಾಡುವವನಿಲ್ಲದ ಐದು ಕ್ಯಾಸೆಟ್

ಒಂದೇ ನಮೂನೆಯ ಐದು ಕ್ಯಾಸೆಟ್‌ಗೆ ಮೂವತ್ತು ರೂಪಾಯಿ ಕೊಟ್ಟೆ. ಸೊಲ್ಲಾಪುರದ ಅಂಗಡಿಯವನು ಹೇಳಿದ್ದು ನೂರು. ಉಳಿದ ಎಪ್ಪತ್ತನ್ನು ಹಾಡುವವನ ಲೆಕ್ಕದಲ್ಲಿ ಮುರಿದೆ. ಹೊದಿಕೆಯ ಮೇಲೆ ಉದ್ದ ಕೂದಲಿನವನೊಬ್ಬ ಎಲೆಕ್ಟ್ರಿಕ್ ಗಿಟಾರ್ ತಬ್ಬಿಕೊಂಡು ಕಣ್ಣು ಮುಚ್ಚಿದ್ದ. ಒಳಗೆ ಬರೀ ವಾದ್ಯ, ಒಂದೇ ಒಂದು ಮಾತಿರಲಿಲ್ಲ.

"ಬ್ಲೂಸು, ಜಾಝು ಎರಡೂ ಕೂಡ್ಯಾವರಿ ಇದರಾಗ" ಎಂದ ಅಂಗಡಿಯವನು.

"ಹತ್ತು ಕೂಡ್ಲಿ. ಹಾಡಾವನೇ ಬಂದಿಲ್ಲ, ಅವನ ಪಗಾರ ನಾ ಯಾಕ ಕೊಡ್ಲಿ?"

ಎಂಬತ್ತರ ದಶಕ. ಆಳಂದದಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ. ಗೆದ್ದೆನೆಂದು ಮನೆಗೆ ಬಂದರೆ ಹೆಂಡತಿ, "ಯುಗಾದಿಯೊಳಗ ಐದೂ ಮಾರಲಿಲ್ಲಂದ್ರ ಇನ್ನ ಮ್ಯಾಲ ಸಂತಿ ನಾ ಮಾಡ್ತೇನಿ. ನೀವು ಚೀಲ ಹಿಡ್ಕೊಂಡು ಹಿಂದ ಬರ್ರಿ" ಎಂದಳು. ಚೌಕಾಸಿಗೆ ಹೆಸರಾದವನಿಗೆ ಚೀಲ ಹಿಡಿಯುವ ಕೆಲಸ! ಒಪ್ಪಿದೆ.

ನಮ್ಮಲ್ಲಿ ಹಾಕಿ ಕೇಳದೆ ಯಾರೂ ಕ್ಯಾಸೆಟ್ ಕೊಳ್ಳುವುದಿಲ್ಲ. ನರೋಣಾದ ಭಜನೆ ಮೇಳದ ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು ಒಂದು ಬದಿ ಪೂರ್ತಿ ಕೇಳಿದರು.

"ಇನ್ನಾ ತಂತಿ ಬಿಗಿ ಮಾಡಾಕತ್ತಾನೇನ್ರಿ?"

"ಅಲ್ರಿ ಯಜಮಾನ್ರ, ಬಾರಿಸೋದೇ ಹಂಗ."

"ಸುಳ್ಳ ಹೇಳಬ್ಯಾಡ್ರಿ. ನಮ್ಮ ತಬಲಾದವನೂ ಶ್ರುತಿ ಮಾಡಾಕ ಇಷ್ಟೇ ಹೊತ್ತು ಬಡೀತಾನ. ಶ್ರುತಿ ಕೂಡ್ಲಿ, ಅಲ್ಲೀತನಕ ಇಲ್ಲೇ ಕೂಡ್ತೇನಿ."

ಬದಿ ತಿರುವಿದೆ. ಅದೂ ಮುಗಿಯಿತು. "ಕೂಡಲೇ ಇಲ್ಲ, ಪಾಪ" ಎಂದು ಎದ್ದು ಹೋದರು. ಕೊಳ್ಳಲಿಲ್ಲ, ನಿಜ. ಆದರೆ ಒಂದು ತಾಸು ಕದಲಿರಲಿಲ್ಲ! ಅದು ನನ್ನ ತಲೆಯಲ್ಲಿ ಉಳಿಯಿತು.

ಮರುವಾರ ಅಫಜಲಪುರ ಕಡೆಯ ಕರಜಗಿಯಿಂದ ಮೈಕ್ ಸೆಟ್ಟಿನವನು ಬಂದ. ಜೇವರ್ಗಿಯಿಂದ ಬೀಗರ ಬಸ್ಸು ತಡವಾದರೆ ಮದುವೆ ಹಂದರದ ಜನ ಎದ್ದು ಹೋಗುತ್ತಾರೆ, ಬೈಗುಳ ಮಾತ್ರ ತನಗೆ ಎಂದು ಗೋಳಾಡಿದ.

"ಲೇ, ಇದನ್ನ ಹಾಕು. ಒಬ್ಬನೂ ಏಳಂಗಿಲ್ಲ."

ಒಂದನ್ನು ಮೂವತ್ತಕ್ಕೆ ಕೊಟ್ಟೆ. ಮದುವೆಯ ದಿನ ಈಗ ಹಾಡು ಬಂತು, ಇಗೋ ಬಂತು ಎಂದು ಜನ ಎರಡು ತಾಸು ಕೂತಿದ್ದರಂತೆ. ಬಸ್ಸು ಬಂದಾಗ ಇವನು ಟೇಪ್ ನಿಲ್ಲಿಸಿದ್ದಕ್ಕೆ ಮುದುಕಿಯೊಬ್ಬಳು, "ಈಗರೆ ಕೂಡಾಕತ್ತಿತ್ತಲ್ಲೋ, ಯಾಕ ಬಂದ್ ಮಾಡ್ದಿ!" ಎಂದು ಬೈದಳಂತೆ. ಮರುದಿನವೇ ಬಂದು ಉಳಿದವನ್ನೂ ಕೇಳಿದ. ಮೂರು ಕೊಟ್ಟೆ. ಐದನೆಯದು ಅಂಗಡಿಯಲ್ಲಿರಲಿಲ್ಲ, ಮನೆಯಲ್ಲಿತ್ತು. ತರಲು ಹೋದರೆ ಹೆಂಡತಿ ರೊಟ್ಟಿ ಬಡಿಯುತ್ತ ಅದನ್ನೇ ಕೇಳುತ್ತಿದ್ದಳು.

"ಇದನ್ನ ಕೊಡಬ್ಯಾಡ್ರಿ. ಎರಡನೇ ಬದ್ಯಾಗ ಹಾಡಿಗಿ ಭಾಳ ಹತ್ರ ಬಂದಾನ."

"ಹಂಗಾದ್ರ ಪಣ ನಾ ಗೆದ್ದಂಗಲ್ಲೇನು?"

"ಐದೂ ಅಂದಿದ್ದೆ. ಎಷ್ಟು ಮಾರೀರಿ?"

ಆದ್ದರಿಂದ ಓದುಗರಿಗೆ ಹೇಳುವುದಿಷ್ಟು. ಹಾಡಿಲ್ಲದ ಕ್ಯಾಸೆಟ್ ಸಿಕ್ಕರೆ ಹಾಡುವವನ ಪಗಾರ ಮುರಿದೇ ಕೊಳ್ಳಿ. ಮಾರುವ ಮಾಲನ್ನು ಮನೆಯವರ ಕಿವಿಗೆ ಬೀಳಿಸಬೇಡಿ. ಸಂತೆಗೆ ಅಗಲ ಹಿಡಿಕೆಯ ಚೀಲವನ್ನೇ ಒಯ್ಯಿರಿ. ಸಣ್ಣ ಹಿಡಿಕೆ ಬೆರಳು ಕೊಯ್ಯುತ್ತದೆ.