ಘಾನಾದ ವಾದ್ಯಕ್ಕೆ ಮಂಗಳಾರತಿ

ಹದಿನೈದು ವರ್ಷ ನಾನು ತೆರಕಣಾಂಬಿಯ ಹೈಸ್ಕೂಲಿನಲ್ಲಿ ಆಫ್ರಿಕಾ ಪಾಠ ಮಾಡಿದ್ದೇನೆ, ಅದೂ ಬೆತ್ತದ ತುದಿಯಲ್ಲಿ. ಭೂಪಟದ ಮೇಲೆ ಸಹರಾಕ್ಕೊಂದು ಏಟು, ನೈಲ್ ನದಿಗೊಂದು ಗೀಟು, ಮುಗಿಯಿತು. ಆ ಖಂಡದಲ್ಲಿ ಮನುಷ್ಯರಿದ್ದಾರೆ, ಹಾಡುತ್ತಾರೆ, ಕುಣಿಯುತ್ತಾರೆ ಎಂಬುದು ಪಬ್ಲಿಕ್ ಪರೀಕ್ಷೆಗೆ ಬರುತ್ತಿರಲಿಲ್ಲ. ಹಾಗಾಗಿ ನನ್ನ ತಲೆಗೂ ಬಂದಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಓದುತ್ತಿದ್ದ ಘಾನಾ ದೇಶದ ಕ್ವಾಮೆ ಎಂಬ ತರುಣ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳ ಕೈಗೇ ತನ್ನ ಕಡೆಯ ವಾದ್ಯ ಕೊಡುತ್ತಾನೆ, ಮುಖವಾಡ ಮಾಡಿಸುತ್ತಾನೆ ಎಂದು ಕೇಳಿ ಕಾಗದ ಬರೆದೆ. ಬಂದೇಬಿಟ್ಟ. ಬಸ್ಸಿನ ಟಾಪಿನಿಂದ ಅವನ ಜೆಂಬೆ ಇಳಿದಾಗ, ನಡು ಸಣ್ಣಗಿದ್ದು ತಲೆಗೆ ಮೇಕೆ ಚರ್ಮ ಬಿಗಿದ ಆ ವಾದ್ಯದ ಹಿಂದೆ ಅರ್ಧ ಊರೇ ಶಾಲೆಗೆ ನಡೆಯಿತು. ಎಲ್ಲರಿಗಿಂತ ಮುಂದೆ ನಾನು, ಮದುವಣಿಗನ ಸೋದರಮಾವನ ಗತ್ತಿನಲ್ಲಿ.

ಮೊದಲು ಮುಖವಾಡ. ರಟ್ಟು, ಸುಣ್ಣ, ಕೆಮ್ಮಣ್ಣು, ಇದ್ದಿಲು. ಮಕ್ಕಳು ಮಾಡಿದ್ದರಲ್ಲಿ ಮುಕ್ಕಾಲು ಪಾಲು ನನ್ನನ್ನೇ ಹೋಲುತ್ತಿದ್ದವು. ಕ್ವಾಮೆ ಒಂದೊಂದನ್ನೂ ನೋಡಿ, ಆಮೇಲೆ ನನ್ನನ್ನು ನೋಡಿ, ಬಹಳ ಚೆನ್ನಾಗಿದೆ ಎಂದ.

ಇನ್ನು ಜೆಂಬೆ. ನಮ್ಮ ಕಡೆ ಹೊಸ ಸೈಕಲ್ಲನ್ನೂ ಪೂಜೆಯಿಲ್ಲದೆ ಹತ್ತುವುದಿಲ್ಲ, ಸಮುದ್ರ ದಾಟಿ ಬಂದ ವಾದ್ಯವನ್ನು ಬಿಡುತ್ತೇವೆಯೇ? ಅವನು ಕೈ ತೊಳೆಯಲು ಹೋದ ಹೊತ್ತಿನಲ್ಲಿ ನಾನೇ ಚರ್ಮಕ್ಕೆ ಗಂಧ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದು ನೀರನ್ನು ಧಾರಾಳವಾಗಿ ಚಿಮುಕಿಸಿ ಮಂಗಳಾರತಿ ಎತ್ತಿದೆ. ಅವನು ಬಂದು ಬಾರಿಸಿದ. ಒದ್ದೆ ಗೋಣಿಗೆ ಹೊಡೆದ ಸದ್ದು. ಮತ್ತೆ ಬಾರಿಸಿದ, ಅದೇ ಸದ್ದು. ಮಧ್ಯಾಹ್ನ ಗುಂಡ್ಲುಪೇಟೆಯ ಶಾಲೆಯಲ್ಲೂ ಮಕ್ಕಳು ಕಾಯುತ್ತಿದ್ದರು, ಅವನಿಗಿದ್ದದ್ದು ಅದೊಂದೇ ಜೆಂಬೆ. ಬಿಸಿಲಿಗಿಡಬೇಕು ಎಂದ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಮುಚ್ಚಿಕೊಂಡಿತ್ತು. ನಾನು ಆರತಿ ತಟ್ಟೆಯನ್ನು ಮೆಲ್ಲಗೆ ಮೇಜಿನಡಿಗೆ ಸರಿಸಿದೆ.

ಆಗ ಎಂಟನೇ ಕ್ಲಾಸಿನ ಚಿಕ್ಕತಾಯಮ್ಮ ಎದ್ದಳು. ಪಕ್ಕದ ಹಳ್ಳಿಯಿಂದ ನಡೆದು ಬರುವವಳು, ಹಾಜರಿಗೆ ಬಿಟ್ಟರೆ ಬಾಯಿ ತೆರೆಯದವಳು. ಕುಳಿತಳು. ಮತ್ತೆ ಎದ್ದಳು.

“ನೀರ್ ಬಿದ್ರ ಚರ್ಮ ಮೆತ್ತಗಾಯ್ತದ ಸಾ. ಉಲ್ಲು ಅತ್ತಿಸಿ ಕಾಸ್ಬೇಕು.”

“ನಿಂಗೆಂಗ್ ಗೊತ್ತಮ್ಮಿ?” ಎಂದೆ. ಕೇಳಬಾರದಿತ್ತು. ಅಪ್ಪ ಏನು ಮಾಡುತ್ತಾನೆ ಎಂದಾಗಲೆಲ್ಲ ಅವಳು ‘ಕೂಲಿ’ ಎನ್ನುತ್ತಿದ್ದಳು. ತಮಟೆ ಎಂದರೆ ಕೇರಿ ಗೊತ್ತಾಗುತ್ತದೆ, ಕೇರಿ ಗೊತ್ತಾದರೆ ಬುತ್ತಿ ಬಿಚ್ಚುವಾಗ ಪಕ್ಕದವರು ಸರಿದು ಕೂರುತ್ತಾರೆ. ಇದನ್ನು ಅವಳೂ ಬಲ್ಲಳು, ನಾನೂ ಬಲ್ಲೆ. ಗೆಳತಿಯರೆಲ್ಲ ಅವಳತ್ತ ತಿರುಗಿದರು.

“ನಮ್ಮಪ್ಪ ತಮ್ಟ ಬಡೀತದ ಸಾ.”

ನಾನು ಇಂಗ್ಲಿಷಿನಲ್ಲಿ ಹೇಳುವುದೇ ತಡ, ಕ್ವಾಮೆ ಹುಲ್ಲು ಹುಡುಕಿಕೊಂಡು ಓಡಿದ. ಅವಳು ಉರಿಯಿಂದ ಮೊಳದಷ್ಟು ದೂರದಲ್ಲಿ ಜೆಂಬೆಯನ್ನು ತಿರುಗಿಸುತ್ತ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತ, ಮತ್ತೆ ತಿರುಗಿಸುತ್ತ ಕಾಸಿದಳು. ಸ್ವಲ್ಪ ಹೊತ್ತಿಗೆ ಠಣ್ ಎಂದಿತು. ಮೊದಲ ಪೆಟ್ಟು ಅವಳದೇ ಆಗಬೇಕೆಂದು ಕ್ವಾಮೆ ಹಠ ಹಿಡಿದ. ಹೊಡೆದಳು ನೋಡಿ, ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಆಮೇಲೆ ಮಕ್ಕಳನ್ನು ತಡೆಯುವವರಿಲ್ಲ. ಅತ್ತ ತಿರುಗಿ ನೋಡಿದ್ದ ಗೆಳತಿಯರೇ “ನಂಗೂ ಹೇಳ್ಕೊಡು ಕಣಮ್ಮಿ” ಎಂದು ಅವಳ ಪಕ್ಕಕ್ಕೆ ನೂಕಾಡಿದರು. ನಾನೂ ಸಾಲಿನಲ್ಲಿ ನಿಂತಿದ್ದೆ.

ನೀವು ನಗಬಹುದು. ಘಾನಾದ ಚರ್ಮಕ್ಕೆ ಆರತಿ ಎತ್ತಿದ ಈ ಕೈ, ಎರಡು ಮೈಲಿಯಾಚೆಯ ತಮಟೆಯನ್ನು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಅದಕ್ಕೇ ಮುಂದಿನ ಶನಿವಾರ, ಮಗಳಿಗೆ ತಿಳಿಯದಂತೆ, ತಮಟೆ ಸಮೇತ ಬರಬೇಕೆಂದಷ್ಟೇ ಜವಾನನ ಕೈಲಿ ಅವಳ ಅಪ್ಪನಿಗೆ ಹೇಳಿ ಕಳಿಸಿದೆ.

ಬಂದ. ಗೇಟಿನಾಚೆಯೇ ಚಪ್ಪಲಿ ಬಿಟ್ಟು, ಟವಲನ್ನು ಹೆಗಲಿಂದ ಇಳಿಸಿ, ಅಂಗಳವನ್ನೆಲ್ಲ ಒಮ್ಮೆ ನೋಡಿ ಮೆಲ್ಲಗೆ ಕೇಳಿದ:

“ಯಾರ್ ತೀರ್ಕಂಡ್ರು ಸಾ?”

“ಯಾರೂ ಇಲ್ಲ ಕಣಪ್ಪ. ಮಕ್ಕಳು ಕಾಯ್ತಾ ಕುಂತವ್ರೆ, ಒಳಕ್ ಬಾ.”