ಟ್ಯಾಂಕಿನ ಮುಚ್ಚಳದ ಮೇಲೆ ಬೈರಮ್ಮ

ನನ್ನ ಸೋದರತ್ತೆ ಬೈರಮ್ಮನಿಗೆ ಹೆದರಿಕೆ ಹುಟ್ಟುಗುಣ. ಗ್ಯಾಸ್ ಒಲೆ ಆರಿಸಿ ಮಲಗಿದ ಮೇಲೂ ಎದ್ದು ಹೋಗಿ ಮೂಸಿ ನೋಡುತ್ತಾಳೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಾಳೆ. ವಿಮಾನವೊಂದು ನಮ್ಮ ಕುಂದಾಣದ ಕಡೆ ಸ್ವಲ್ಪ ತಗ್ಗಿ ಹಾರಿತೋ, ಅಂಗಳದಲ್ಲಿ ಹರವಿದ ರಾಗಿಯನ್ನು ಕೋಳಿಗಳ ಪಾಲಿಗೆ ಬಿಟ್ಟು ಒಳಗೆ ಓಡುತ್ತಾಳೆ, ವಿಮಾನ ಬಿದ್ದರೆ ಹೆಂಚು ತಡೆಯುತ್ತದೆ ಎನ್ನುವ ಹಾಗೆ. ನಾವೆಲ್ಲ ನಗುತ್ತಿದ್ದೆವು. ಅವಳ ಗಂಡ ಹನುಮಂತರಾಯಪ್ಪ ಮಾತ್ರ ನಗುತ್ತಿರಲಿಲ್ಲ, ರೇಗುತ್ತಿದ್ದ. "ಇವ್ಳು ಅನ್ನ ಬಿಟ್ರೂ ಭಯ ಬಿಡಾಕಿಲ್ಲ ಕಣೋ ದೇವೇಂದ್ರ," ಎಂದು ನನ್ನ ಹತ್ತಿರ ದೂರುತ್ತಿದ್ದ.

ಮಾವನ ಸ್ವಭಾವ ತದ್ವಿರುದ್ಧ. ಪ್ರಾಯದಲ್ಲಿ ಸುತ್ತಲಿನ ಹಳ್ಳಿಗಳ ತೆರೆದ ಬಾವಿಗೆಲ್ಲ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಹೂಳು ತೆಗೆದವನು. ಇಳಿಯುವ ಮುಂಚೆ ಲಾಟೀನು ಹಚ್ಚಿ ಕೆಳಗೆ ಬಿಡುತ್ತಿದ್ದ. ದೀಪ ಆರಿದರೆ ಕೆಳಗಿನ ಗಾಳಿ ಕೆಟ್ಟಿದೆ ಎಂದರ್ಥ, ಅವತ್ತು ಕೆಲಸವಿಲ್ಲ. ಉರಿಯುತ್ತಿದ್ದರೆ ಕಣ್ಣುಮುಚ್ಚಿ ಇಳಿಯಬಹುದು. ಈ ಲೆಕ್ಕ ಅವನ ಅಪ್ಪ ಹೇಳಿಕೊಟ್ಟದ್ದು, ಒಮ್ಮೆಯೂ ತಪ್ಪಿರಲಿಲ್ಲ. ಈಗ ಬಾವಿಗೆ ಇಳಿಸುವವರು ಯಾರೂ ಇಲ್ಲ. ಗಂಡ ಹೆಂಡತಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ.

ತೋಟದಲ್ಲಿ ಹೊಸ ಮನೆ ಕಟ್ಟಿದಾಗ ಕಕ್ಕಸಿನ ಗುಂಡಿ ತೋಡಲು ಹೋದರೆ ಆಳುದ್ದಕ್ಕೇ ಬಂಡೆ ಸಿಕ್ಕಿತು. ನೀರು ಇಂಗುವ ಮಾತೇ ಇಲ್ಲ. ಆಗ ದೇವನಹಳ್ಳಿಯ ಭೀಮರಾಜ್, ವಿಲ್ಲಾಗಳಿಗೆ ಹಾಕುವಂಥ ಗಾಳಿ ಟ್ಯಾಂಕ್ ಕೂರಿಸಿಕೊಟ್ಟ. ಮೊದಲ ಕೋಣೆಯಲ್ಲಿ ಗಸಿ ತಂಗುತ್ತದೆ. ಎರಡನೆಯದಕ್ಕೆ ಒಂದು ಸಣ್ಣ ಮೋಟಾರು ಹಗಲೂ ರಾತ್ರಿ ಗಾಳಿ ಊದುತ್ತದೆ, ಆ ಗಾಳಿ ಉಸಿರಾಡಿಕೊಂಡು ಕಣ್ಣಿಗೆ ಕಾಣದ ಕ್ರಿಮಿಗಳು ಕೊಳೆಯನ್ನು ತಿಂದು ತೇಗುತ್ತವೆ. ಕೊನೆಯ ಕೋಣೆಯಿಂದ ತಿಳಿನೀರು ಹೊರಬಂದು ಹುಲ್ಲಿಗೆ ಹೋಗುತ್ತದೆ. ಫಿನಾಯಿಲ್, ಆಸಿಡ್ ಸುರಿಯಬೇಡಿ, ಕ್ರಿಮಿ ಸಾಯುತ್ತವೆ ಎಂದು ಭೀಮರಾಜ್ ಹೇಳಿ ಹೋಗಿದ್ದ. ಅತ್ತೆ ಅಂದಿನಿಂದ ಬಚ್ಚಲಿಗೆ ಸೋಪು ಹಾಕಲೂ ಹೆದರುತ್ತಿದ್ದಳು.

ಆದರೆ ಹುಳುಮನೆಯ ಧರ್ಮವೇ ಬೇರೆ. ಒಂದು ಬೆಳೆ ಮುಗಿದು ಇನ್ನೊಂದು ಬರುವುದರೊಳಗೆ ನೆಲ, ಗೋಡೆ, ತಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರಲ್ಲಿ ತೊಳೆಯಲೇಬೇಕು. ಒಂದು ರೋಗದ ಕ್ರಿಮಿ ಉಳಿದರೂ ಬೆಳೆ ಹೋಯಿತು. ಮಾವ ಆ ಸಲ ಮೈಮುರಿದು ತೊಳೆದ. ತೊಳೆದ ನೀರು ಹೋಗಲು ಅವನೇ ಹೊಸದಾಗಿ ಒಂದು ಪೈಪು ಜೋಡಿಸಿದ್ದ. ಅದು ಬಂದು ಸೇರುತ್ತಿದ್ದದ್ದು ಇದೇ ಟ್ಯಾಂಕಿಗೆ. ಸಾಕುವ ಹುಳುವನ್ನು ಕಾಯಲು ಹೋಗಿ ಟ್ಯಾಂಕಿನ ಕ್ರಿಮಿಗಳನ್ನು ಕೊಂದಿದ್ದು ಅವನ ತಲೆಗೆ ಹೊಳೆಯಲೇ ಇಲ್ಲ.

ಮೂರ್ನಾಲ್ಕು ದಿನಕ್ಕೆ ನಾತ ಎದ್ದಿತು. ಹುಲ್ಲಿಗೆ ಕರೀ ನೀರು ಬಂತು. ಮೋಟಾರು ಗುಂಯ್ ಎನ್ನುತ್ತಿದ್ದರೂ ಟ್ಯಾಂಕಿನಲ್ಲಿ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಮೊಟ್ಟೆಯೊಡೆಸಿ ಕೊಡುವ ಚಾಕಿ ಕೇಂದ್ರದಿಂದ ಮರಿಹುಳು ಬರುವುದಿತ್ತು. ಟ್ಯಾಂಕು ಹುಳುಮನೆಯ ಗೋಡೆಗೇ ಅಂಟಿಕೊಂಡಿದೆ. ಕೆಟ್ಟ ಗಾಳಿ ಬಡಿದರೆ ಮರಿಹುಳು ಮೇವು ಬಿಡುತ್ತವೆ. ಭೀಮರಾಜ್‌ಗೆ ಫೋನ್ ಮಾಡಿದರೆ, ನಂದಿ ರಸ್ತೆಯಲ್ಲಿದ್ದೇನೆ, ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದ. ಮಾವನಿಗೆ ಅಷ್ಟು ತಾಳ್ಮೆ ಎಲ್ಲಿ? ಅವತ್ತು ಬೆಳಿಗ್ಗೆಯೇ ಟ್ಯಾಂಕರ್ ಕರೆಸಿ ನೀರು ಹೀರಿಸಿಬಿಟ್ಟ. ತಳದಲ್ಲಿ ಮೊಣಕಾಲುದ್ದ ಕೆಸರು ಉಳಿಯಿತು.

"ಗಾಳಿ ಪೈಪಿನ ಬಾಯಿ ತಳದಲ್ಲಿ ಕಟ್ಕೊಂಡದೆ. ಇಳಿದು ಬಿಡಿಸ್ಬಿಟ್ರೆ ಆಯ್ತು," ಎಂದ ಮಾವ.

ಟ್ಯಾಂಕರಿನವನು ಆಗಲೇ ಕೈ ಅಲ್ಲಾಡಿಸಿ ಹೊರಟಿದ್ದ, ಯಾರನ್ನೂ ಇಳಿಸುವ ಹಾಗಿಲ್ಲ, ಕಾನೂನು ಇದೆ ಎಂದು. ಮಾವ ಅದಕ್ಕೂ ಒಪ್ಪಿದ. "ಬೇರೆಯೋರ್ನ ಯಾಕೆ ಇಳಿಸ್ಬೇಕು? ನಮ್ಮನೆ ಹೊಲಸು, ನಾನೇ ಇಳೀತೀನಿ." ಮಾತು ಸರಿಯಾಗಿಯೇ ಇತ್ತು. ಅದರಿಂದಲೇ ಅವನನ್ನು ತಡೆಯುವುದು ಕಷ್ಟವಾಯಿತು. ಹಗ್ಗ ಹಿಡಿಯಲು ನನ್ನನ್ನು ಕರೆಸಿದ. ಅಟ್ಟದಿಂದ ಲಾಟೀನು ಇಳಿಸಿ, ಗಾಜು ಒರೆಸಿ ಹಚ್ಚಿ, ಟ್ಯಾಂಕಿನೊಳಗೆ ಬಿಟ್ಟ. ನಾವು ಮೂವರೂ ಬಗ್ಗಿ ನೋಡಿದೆವು. ದೀಪ ಸ್ವಲ್ಪವೂ ಅಲುಗದೆ ಉರಿಯುತ್ತಿತ್ತು.

"ನೋಡ್ದಾ? ಇನ್ನೇನು ಹೇಳು," ಎಂದ ಮಾವ ಹೆಂಡತಿಗೆ.

"ಬ್ಯಾಡಿ. ಭೀಮರಾಜ್ ಬರ್ಲಿ. ನಂಗೆ ಭಯ ಆಯ್ತದೆ," ಎಂದಳಷ್ಟೆ ಅತ್ತೆ. ಅವಳು ಭಯ ಎಂದರೆ ಕೇಳುವವರು ಯಾರು? ದಿನಾ ಸಾಯುವವರಿಗೆ ಅಳುವವರು ಯಾರು ಎನ್ನುವ ಹಾಗೆ ಆಗಿತ್ತು ಅವಳ ಪಾಡು. ಮಾವ ಎಮ್ಮೆ ಮೇಲೆ ಮಳೆ ಸುರಿದಂತೆ ಇದ್ದುಬಿಟ್ಟು, ಲಾಟೀನು ಮೇಲೆಳೆದು, ಏಣಿ ತರಲು ಹಿತ್ತಲಿಗೆ ಹೋದ.

ಅವನು ಆಚೆ ತಿರುಗಿದ್ದೇ ತಡ, ಅತ್ತೆ ಫೈಬರ್ ಮುಚ್ಚಳವನ್ನು ದರದರ ಎಳೆದು ಬಾಯಿಗೆ ಕೂರಿಸಿ ಅದರ ಮೇಲೆ ಕೂತುಬಿಟ್ಟಳು. ನನಗೆ ನಗು ಬಂತು. ಮಾವ ಏಣಿ ಹೊತ್ತು ಬಂದಾಗ ಆ ನಗು ನಿಂತಿತು.

"ಏಳೇ ಮೇಲೆ."

"ಏಳಾಕಿಲ್ಲ."

"ಹುಳ ಸತ್ರೆ ನಿಮ್ಮಪ್ಪ ಬಂದು ಕೊಡ್ತಾನೇನೇ?"

"ಸಾಯ್ಲಿ."

ಹುಳು ಸಾಯಲಿ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಮಾವನ ಮುಖ ಕೆಂಪಾಯಿತು. ತೋಳು ಹಿಡಿದು ಎಳೆದ. ಅವಳು ಪಕ್ಕದ ಗಾಳಿ ಪೈಪನ್ನು ತಬ್ಬಿಕೊಂಡಳು. ಅವನು ಕೈಬಿಟ್ಟು, "ಇನ್ನೊಂದು ಬಾಯಿ ಐತಲ್ಲ, ಅದ್ರಾಗೆ ಇಳೀತೀನಿ," ಎಂದು ಪಕ್ಕದ ಮುಚ್ಚಳಕ್ಕೆ ಕೈಹಾಕಿದ. ಅತ್ತೆ ಹಾಗೇ ಅಂಗಾತ ಮಲಗಿ ಎರಡೂ ಕಾಲು ಆ ಮುಚ್ಚಳದ ಮೇಲೆ ಚಾಚಿದಳು. ಸೀರೆಯೆಲ್ಲ ಹೊಲಸಾಯಿತು. ಸೂರ್ಯ ನೆತ್ತಿಗೆ ಬರುತ್ತಿದ್ದ. ಗಲಾಟೆ ಕೇಳಿ ಪಕ್ಕದ ತೋಟದ ಆಂಜಿನಪ್ಪ ಬಂದು, "ಬಾವಿಗಿಳಿದಿರೋ ಗಂಡಸು ಕಣಮ್ಮ, ಇಳೀಲಿ ಬಿಡು," ಎಂದ. ಅವಳು ಅವನ ಕಡೆ ನೋಡಲೂ ಇಲ್ಲ. ಅಳುತ್ತಿದ್ದಳು, ಗಡಗಡ ನಡುಗುತ್ತಿದ್ದಳು, ಆದರೆ ತಲೆ ಮೇಲೆ ತಲೆ ಬಿದ್ದರೂ ಜಾಗ ಬಿಡುವ ಲಕ್ಷಣ ಇರಲಿಲ್ಲ. ನನ್ನ ಕೈಯಲ್ಲಿದ್ದ ಹಗ್ಗವನ್ನು ಎಲ್ಲಿಡಬೇಕೋ ತಿಳಿಯದೆ ನಿಂತಿದ್ದೆ. ಮಾವ ಸಿಟ್ಟು ತಾಳದೆ ಕೈಯೆತ್ತಿದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಅವನು ಕೈಯೆತ್ತಲಿಲ್ಲ. ಏಣಿಯನ್ನು ಧಡಾರನೆ ಎಸೆದು ಬೇವಿನ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಕೂತ.

ನಾನು ಮತ್ತೆ ಭೀಮರಾಜ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಬೈಕು ಹತ್ತಿದ. ಬಂದವನೇ ಮಲಗಿದ್ದ ಅತ್ತೆಯನ್ನೂ ಬಿದ್ದಿದ್ದ ಲಾಟೀನನ್ನೂ ನೋಡಿದ.

"ಇದ್ನ ಉರಿಸಿ ಒಳಕ್ಕೆ ಬಿಟ್ರಾ ಯಜಮಾನ್ರೆ?"

"ಚೆನ್ನಾಗೇ ಉರೀತಿತ್ತು," ಎಂದ ಮಾವ, ತಿರುಗದೆ.

ಭೀಮರಾಜ್ ಅತ್ತೆಗೆ ಹೇಳಿ ಮುಚ್ಚಳ ಸರಿಸಿದ. ಮೊಬೈಲಿನಷ್ಟೇ ಇದ್ದ, ಕೆಟ್ಟ ಗಾಳಿ ಅಳೆಯುವ ಒಂದು ಮೀಟರನ್ನು ದಾರಕ್ಕೆ ಕಟ್ಟಿ ಕೆಳಗೆ ಬಿಟ್ಟ. ದೀಪ ತಣ್ಣಗೆ ಉರಿದಿದ್ದ ಆಳಕ್ಕೆ ಹೋಗುವ ಮೊದಲೇ ಅದು ಕಿರ್ರೋ ಎಂದು ಕಿರುಚತೊಡಗಿತು. ಮಾವ ಎದ್ದು ಬಂದ.

"ಬಾವಿ ಗಾಳಿ ಬೇರೆ, ಈ ಕೆಸರಿನ ವಿಷಗಾಳಿ ಬೇರೆ. ಇದ್ರಲ್ಲಿ ದೀಪ ಉರೀತದೆ, ಮನುಷ್ಯ ಉಳಿಯಲ್ಲ. ಕೆಸರು ತುಳಿದ್ರೆ ಇನ್ನೂ ಜಾಸ್ತಿ ಏಳ್ತದೆ. ಗ್ಯಾಸ್ ಸ್ವಲ್ಪ ಹೆಚ್ಚಿದ್ದಿದ್ರೆ ದೀಪ ಬಿಟ್ಟಾಗ್ಲೇ ಭಗ್ ಅಂತಿತ್ತು," ಎಂದ ಭೀಮರಾಜ್. ಮೀಟರನ್ನು ಮೇಲೆಳೆದುಕೊಂಡು ಹೇಳಿದ: "ಇಂಥ ಕಡೆ ಒಬ್ರೇ ಸಾಯೋದು ಕಮ್ಮಿ ಯಜಮಾನ್ರೆ. ಬಿದ್ದೋರ್ನ ಎತ್ತಕ್ಕೆ ಅಂತ ಮನೆಯೋರೇ ಇಳೀತಾರೆ."

ಆಮೇಲೆ ಅವನು ಮಾಡಿದ ಕೆಲಸಕ್ಕೆ ಟ್ಯಾಂಕಿಗೆ ಇಳಿಯುವ ಅಗತ್ಯವೇ ಬರಲಿಲ್ಲ. ಮೇಲ್ಗಡೆಯೇ ಒಂದು ಜೋಡಣೆ ಬಿಚ್ಚಿ, ಗಾಳಿ ಪೈಪನ್ನು ಇಡಿಯಾಗಿ ಹೊರಗೆಳೆದ. ಅದರ ತುದಿಯ ಸಣ್ಣ ತೂತುಗಳ ತುಂಬ ಬಿಳೀ ಸುಣ್ಣ ಹೆಪ್ಪುಗಟ್ಟಿತ್ತು. ಉಜ್ಜಿ ತೊಳೆದು ವಾಪಸು ಇಳಿಬಿಟ್ಟ. ಹುಳುಮನೆಯ ನೀರಿಗೆ ಬೇರೆ ದಾರಿ ಮಾಡಿಸಿದ. ಟ್ಯಾಂಕಿಗೆ ನೀರು ತುಂಬಿಸಿ, ಬೇರೆ ಮನೆಯ ಒಳ್ಳೆಯ ಟ್ಯಾಂಕಿನಿಂದ ಒಂದು ಕ್ಯಾನು ಗಸಿ ತಂದು, ಮೊಸರಿಗೆ ಹೆಪ್ಪು ಹಾಕುವಂತೆ ಸುರಿದ. ಕ್ರಿಮಿಗಳು ಮತ್ತೆ ಹೆಚ್ಚಲು ವಾರಗಟ್ಟಲೆ ಬೇಕು ಎಂದ. ಮರಿಹುಳುಗಳನ್ನು ಖಾಲಿಯಿದ್ದ ತನ್ನ ಹುಳುಮನೆಗೆ ಇಳಿಸಿಕೊಳ್ಳುತ್ತೇನೆಂದು ಆಂಜಿನಪ್ಪ ತಾನಾಗಿಯೇ ಹೇಳಿದ.

ಭೀಮರಾಜ್ ಹೋದ ಮೇಲೆ ಅತ್ತೆ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಮಾವ ಬಂದು ಎದುರಿಗೆ ನಿಂತ.

"ದೀಪ ಉರೀತಿತ್ತಲ್ಲೇ. ನಿಂಗೆ ಹೆಂಗೆ ಗೊತ್ತಾಯ್ತು?"

"ನಂಗೇನೂ ಗೊತ್ತಾಗ್ಲಿಲ್ಲ," ಎಂದಳು ಅತ್ತೆ. "ನೀವು ಒಳಗೆ ಬಿದ್ರೆ ನಾನು ಇಳೀತೀನಿ ಅನ್ನೋದು ಮಾತ್ರ ಗೊತ್ತಿತ್ತು. ನಂಗೆ ಅದ್ರೊಳಕ್ಕೆ ಇಳಿಯಕ್ಕೆ ಭಯ."

ನಾನೂ ಆಂಜಿನಪ್ಪನೂ ಅಲ್ಲೇ ಇದ್ದೇವೆ ಎಂಬುದನ್ನೂ ನೋಡದೆ ಮಾವ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ಬೆಳಿಗ್ಗೆಯೆಲ್ಲ ಮುಚ್ಚಳದ ಮೇಲೆ ಚಾಚಿ ಜೋಮು ಹಿಡಿದಿದ್ದ ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ತಿಕ್ಕತೊಡಗಿದ.