ಮುಕ್ಕಬೇಡಿ ಅಕ್ಕಾ

ಪೀಣ್ಯದ ಎರಡನೇ ಹಂತದಲ್ಲಿ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ಕಾಯಿಲ್ ಸುತ್ತುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಉದ್ದನೆಯ ಮೇಜು, ಎರಡೂ ಕಡೆ ಬೆನ್ನಿಗೆ ಆಸರೆಯಿಲ್ಲದ ಸ್ಟೂಲು, ಅವುಗಳ ಮೇಲೆ ನಾವು ಹೆಂಗಸರು. ಕೈ ತಂತಿಯನ್ನು ನೋಡಿಕೊಳ್ಳುತ್ತಿತ್ತು, ಬಾಯಿ ಊರನ್ನೆಲ್ಲ ನೋಡಿಕೊಳ್ಳುತ್ತಿತ್ತು. ಆ ಮೇಜಿನ ನಗು ಇಲ್ಲದಿದ್ದರೆ ನಾನು ಒಂದು ವಾರವೂ ಅಲ್ಲಿ ನಿಲ್ಲುತ್ತಿರಲಿಲ್ಲ.

ನಗಿಸುತ್ತಿದ್ದವಳು ನನ್ನ ಎದುರಿಗೆ ಕೂರುತ್ತಿದ್ದ ಬಾಗಲಕೋಟೆ ಕಡೆಯ ಅಕ್ಕ. ನನಗಿಂತ ದೊಡ್ಡವಳು, ಲಗ್ಗೆರೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದಳು. ಒಮ್ಮೆ ಸೂಪರ್‌ವೈಸರ್ ಬಂದು, "ಏನ್ರಮ್ಮಾ, ಮಾತು ಕಡಿಮೆ ಮಾಡಿ, ಕೆಲಸ ಜಾಸ್ತಿ ಮಾಡಿ" ಎಂದರು. ಅಕ್ಕ ತಲೆಯನ್ನೂ ಎತ್ತದೆ, "ಸರ್ರ, ಮಾತು ಬಾಯಿಲೆ ಆಡ್ತೀವ್ರಿ, ಕಾಯಿಲ್ ಕೈಲೆ ಸುತ್ತತೀವ್ರಿ. ಎರಡೂ ಬ್ಯಾರೆ ಬ್ಯಾರೆ ಡಿಪಾರ್ಟ್‌ಮೆಂಟ್ ಅದಾವ್ರಿ" ಎಂದಳು. ಅವರೂ ನಗುತ್ತಲೇ ಹೋದರು.

ಎರಡನೇ ಹೆರಿಗೆಯಾಗಿ ವಾಪಸ್ ಬಂದ ಮೇಲೆ ನನಗೆ ಆ ನಗುವೇ ಶತ್ರುವಾಯಿತು. ನಕ್ಕರೆ ಮೂತ್ರ ಹನಿಯುತ್ತಿತ್ತು. ಕೆಮ್ಮಿದರೂ, ಸೀನಿದರೂ, ಸುತ್ತಿದ ಕಾಯಿಲನ್ನು ಎತ್ತಿ ಟ್ರೇಗೆ ಇಡುವಾಗಲೂ ಅಷ್ಟೇ. ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಅನ್ನುತ್ತಾರಲ್ಲ, ಆ ಗಾದೆ ಮಾಡಿದವಳು ಖಂಡಿತ ಬಾಣಂತಿಯೇ ಇರಬೇಕು. ನಾನು ದಟ್ಟ ಬಣ್ಣದ ಚೂಡಿದಾರ್ ಮಾತ್ರ ಹಾಕತೊಡಗಿದೆ, ನೀರು ಕುಡಿಯುವುದನ್ನು ಬಿಟ್ಟೆ, ಅಕ್ಕ ಬಾಯಿ ತೆರೆದರೆ ಸಾಕು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದೆ. "ಯಾಕ ತಂಗಿ, ಮಾರಿ ಗಂಟ ಹಾಕ್ಕೊಂಡಿ? ನನ್ನ ಮ್ಯಾಲ ಸಿಟ್ಟೇನು?" ಎಂದು ಅವಳು ಕೇಳಿದರೆ ತಂತಿಯ ತುದಿ ಹುಡುಕುವವಳಂತೆ ಬಗ್ಗಿಬಿಡುತ್ತಿದ್ದೆ. ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬೊಬ್ಬರೇ ನಿಂತು ಕೆಲಸ ಮಾಡುತ್ತಾರೆ, ಅಲ್ಲಿ ಯಾರೂ ನಗಿಸುವುದಿಲ್ಲ. ಅಲ್ಲಿಗೆ ಹಾಕಿಸಿಕೊಳ್ಳುವುದೊಂದೇ ದಾರಿ ಅನ್ನಿಸಿತು. ಆ ಮೇಜು ಬಿಡಲು ಮಾತ್ರ ಮನಸ್ಸಿರಲಿಲ್ಲ.

ಬೆನ್ನು ನೋವೂ ಇತ್ತು. ಅದರ ನೆಪದಲ್ಲಿ ಫಿಸಿಯೋಥೆರಪಿಗೆ ಹೋದೆ. ಅಲ್ಲಿದ್ದ ಹುಡುಗಿ ನನ್ನ ತಂಗಿಯ ವಯಸ್ಸಿನವಳು. ಬೆನ್ನು ನೋಡಿ ಮುಗಿಸಿ, ತಾನಾಗಿಯೇ, "ಕೆಮ್ಮಿದಾಗ ಮೂತ್ರ ಹೋಗುತ್ತಾ ಅಕ್ಕಾ?" ಎಂದಳು. ನಾನು ಕ್ಯಾಲೆಂಡರ್ ನೋಡುತ್ತಾ ಹೂಂ ಅಂದೆ.

"ಕಿಬ್ಬೊಟ್ಟೆ ಕೆಳಗೆ ಜೋಲಿ ಥರ ಮಾಂಸಖಂಡ ಇರುತ್ತೆ. ಮೂತ್ರಚೀಲ, ಗರ್ಭಕೋಶ ಎಲ್ಲಾ ಅದರ ಮೇಲೆ ಕೂತಿರುತ್ತೆ" ಎಂದು ಅವಳು ವಿವರಿಸಿದಳು. "ಉಸಿರು ಎಳ್ಕೊಂಡಾಗ ಆ ಜೋಲಿ ಸ್ವಲ್ಪ ಇಳಿಯುತ್ತೆ, ಬಿಟ್ಟಾಗ ಏರುತ್ತೆ. ನೀವು ಗೂನು ಬೆನ್ನು ಮಾಡ್ಕೊಂಡು ಕೂತು, ದಮ್ಮು ಕಟ್ಟಿ ಭಾರ ಎತ್ತಿದ್ರೆ ಒತ್ತಡವೆಲ್ಲ ಅದರ ಮೇಲೇ ಬೀಳುತ್ತೆ. ಅದಕ್ಕೇ ನೆಟ್ಟಗೆ ಕೂತ್ಕೊಂಡು, ಉಸಿರು ಬಿಡ್ತಾ ಕೆಳಗಡೆ ಬಿಗಿ ಮಾಡಿ."

ನಾನು ಶ್ರದ್ಧೆಯಿಂದ ಮಾಡಿದೆ. ಬೆಳಿಗ್ಗೆ ಅನ್ನಕ್ಕಿಟ್ಟು ಮಾಡಿದೆ, ಮಗುವನ್ನು ಮಲಗಿಸಿ ಮಾಡಿದೆ. ವಾರಗಳು ಕಳೆದವು. ಕಡಿಮೆಯಾಗುವುದಿರಲಿ, ಇನ್ನೂ ಜಾಸ್ತಿಯಾಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೋಗಿ, "ನಿಮ್ಮ ವ್ಯಾಯಾಮ ನಿಮ್ಮ ಹತ್ರಾನೇ ಇರ್ಲಿ. ನಾನು ಪ್ಯಾಕಿಂಗಿಗೆ ಹೋಗ್ತೀನಿ" ಎಂದೆ. ಪ್ಯಾಕಿಂಗ್ ಎಂದರೇನೆಂದು ಪಾಪ ಅವಳಿಗೇನು ಗೊತ್ತು.

"ಒಂದ್ಸಲ ಮಾಡಿ ತೋರ್ಸಿ" ಎಂದಳು. ಮಾಡಿದೆ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಅವಳು ಗಾಬರಿಯಾಗಿ ನನ್ನ ಭುಜ ಹಿಡಿದಳು.

"ಮುಕ್ಕಬೇಡಿ ಅಕ್ಕಾ. ಇಷ್ಟು ದಿನ ಮುಕ್ಕುತಾ ಇದ್ರಾ?"

ಹೌದು, ಮತ್ತೇನು ಮಾಡಬೇಕಿತ್ತು? ಹೆರಿಗೆ ವಾರ್ಡಿನಲ್ಲಿ ಎರಡು ಸಲವೂ ನರ್ಸುಗಳು ತಲೆಯ ಹತ್ತಿರ ನಿಂತು ಕೂಗಿದ್ದು ಒಂದೇ ಮಾತು: ಮುಕ್ಕಮ್ಮ, ಮುಕ್ಕು, ಇನ್ನೂ ಜೋರಾಗಿ ಮುಕ್ಕು. ಆ ಜಾಗದಿಂದ ಮಾಡಬಹುದಾದ ಕೆಲಸ ಅದೊಂದೇ ಎಂದು ನಾನು ತಿಳಿದಿದ್ದೆ. ಬಿಗಿ ಮಾಡು ಎಂದರೆ ಶಕ್ತಿ ಹಾಕು, ಶಕ್ತಿ ಹಾಕು ಎಂದರೆ ಮುಕ್ಕು. ಏರಬೇಕಾದ ಜೋಲಿಯನ್ನು ನಾನೇ ದಿನಾ ಕೆಳಕ್ಕೆ ತಳ್ಳುತ್ತಿದ್ದೆ.

"ತುಂಬಿದ ಬಸ್ಸಲ್ಲಿ ಹೂಸು ಬಂದ್ರೆ ಏನ್ಮಾಡ್ತೀರಾ?" ಎಂದು ಹುಡುಗಿ ಕೇಳಿದಳು.

"ತಡ್ಕೋತೀನಿ."

"ಅಷ್ಟೇ. ತಡ್ಕೊಂಡು ಮೆಲ್ಲಗೆ ಮೇಲಕ್ಕೆ ಎಳ್ಕೊಳ್ಳಿ, ಆಮೇಲೆ ಪೂರ್ತಿ ಸಡಿಲ ಬಿಡಿ. ಪಕ್ಕದಲ್ಲಿ ನಿಂತವರಿಗೆ ಗೊತ್ತೇ ಆಗ್ಬಾರ್ದು."

ಅವಳ ಎದುರಿಗೇ ಮಾಡಿದೆ. ಮೊದಲ ಸಲ ಒಳಗೆ ಏನೋ ಏರಿದ್ದು ತಿಳಿಯಿತು. ಎರಡು ಮಕ್ಕಳನ್ನು ಹೆತ್ತವಳು ನಾನು, ನನ್ನ ಮೈಯೇ ನನಗೆ ಗೊತ್ತಿರಲಿಲ್ಲವಲ್ಲ ಎಂದು ಅಲ್ಲೇ ಅಳು ಬಂತು.

ಪ್ಯಾಕಿಂಗಿನ ಯೋಚನೆ ಬಿಟ್ಟು ಮೇಜಿನಲ್ಲೇ ಉಳಿದೆ. ಪಾದ ನೆಲಕ್ಕೆ ಊರಿ, ಕುಂಡೆಯ ಎರಡೂ ಮೂಳೆಗಳ ಮೇಲೆ ಸಮನಾಗಿ ಕೂರುವುದು, ಕಾಯಿಲ್ ಎತ್ತುವ ಮೊದಲು ಉಸಿರು ಬಿಡಲು ಶುರು ಮಾಡುವುದು. ಮರೆಯುತ್ತಿದ್ದೆ, ಮತ್ತೆ ಗೂನಾಗುತ್ತಿದ್ದೆ. ಆದರೂ ತಿಂಗಳುಗಳು ಕಳೆದಂತೆ ಹನಿ ಕಡಿಮೆಯಾಯಿತು, ಆಮೇಲೆ ಯಾವಾಗಲೋ ಒಮ್ಮೆ ಅನ್ನುವಷ್ಟಾಯಿತು. ನಾನು ಮತ್ತೆ ಮನಸಾರೆ ನಕ್ಕ ದಿನ ಅಕ್ಕ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಇಬ್ಬರೇ ಶೆಡ್ಡಿನ ಹಿಂದೆ ಕೂತಾಗ ಅವಳಿಗೆ ಎಲ್ಲವನ್ನೂ ಹೇಳಿದೆ. ಮುಕ್ಕಿದ ಕತೆಯನ್ನು ಬಣ್ಣ ಹಚ್ಚಿಯೇ ಹೇಳಿದೆ.

ಅವಳು ನಗಲಿಲ್ಲ. ರೊಟ್ಟಿಯನ್ನು ಡಬ್ಬಿಗೇ ಹಾಕಿದಳು.

"ನಂದೂ ಅದ ಕತಿ ತಂಗಿ. ನನ್ನ ಸಣ್ಣಾಕಿ ಹುಟ್ಟಿದಾಗಿಂದ."

ಸಣ್ಣವಳು ಆಗ ಕಾಲೇಜಿಗೆ ಹೋಗುತ್ತಿದ್ದಳು. ಎಲ್ಲರನ್ನೂ ನಗಿಸುವವಳು ತಾನು ಮಾತ್ರ ನಗುವುದಿಲ್ಲ ಎನ್ನುವುದನ್ನು ನಾನು ಆ ಹೊತ್ತಿನವರೆಗೂ ಗಮನಿಸಿಯೇ ಇರಲಿಲ್ಲ.

"ಎಲ್ಲಾರೂ ನಗಾಕತ್ತಾಗ ನಗಲಾರದಾಕಿ ಕಡೆ ಯಾರ ನೋಡ್ತಾರ?" ಎಂದಳು. "ಅದಕ್ಕ ನಗಸೂದು ಕಲತೆ."

ಮುಂದಿನ ಭಾನುವಾರವೇ ಅವಳನ್ನು ಕೈ ಹಿಡಿದು ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆ. ಅವಳಿಗೆ ಕೆಳಗೆ ಏನೋ ಜಾರಿದಂತೆಯೂ ಆಗುತ್ತಿತ್ತಂತೆ. ಅದಕ್ಕೆ ಹುಡುಗಿ ಮೊದಲು ಲೇಡಿ ಡಾಕ್ಟರ ಹತ್ತಿರ ಕಳಿಸಿದಳು. ಅವರು ಪರೀಕ್ಷೆ ಮಾಡಿ, ಆಪರೇಷನ್ ಸದ್ಯಕ್ಕೆ ಬೇಡ, ವ್ಯಾಯಾಮ ಮಾಡಿ ನೋಡೋಣ ಎಂದರು. ಆಮೇಲೆ ನಾವಿಬ್ಬರೂ ಎದುರುಬದುರು ಕೂತು ಒಟ್ಟಿಗೆ ಉಸಿರು ಬಿಡುತ್ತಿದ್ದೆವು. ಅವಳಿಗೆ ಗುಣವಾಗುವುದು ನನಗಿಂತ ಬಹಳ ನಿಧಾನವಾಯಿತು. ನಡುವೆ ಬೇಸತ್ತು, "ಸಾಕವ್ವಾ, ಹರೇದಾಗ ಆಗಲಾರದ್ದು ಈಗೇನ ಆಗತೈತಿ" ಎಂದು ಬಿಟ್ಟೂ ಬಿಟ್ಟಿದ್ದಳು. ನಾನು ಬಿಡಲಿಲ್ಲ.

ಒಂದು ದಿನ ಸೂಪರ್‌ವೈಸರ್ ನಮ್ಮ ಮೇಜಿನ ಹತ್ತಿರ ನಿಂತರು. "ಏನ್ರಮ್ಮಾ, ಇಬ್ರೂ ಇಷ್ಟು ನೆಟ್ಟಗೆ ಕೂತಿದ್ದೀರಾ? ಏನ್ ವಿಶೇಷ?"

"ಏನಿಲ್ಲ ಸಾರ್, ತಡ್ಕೊಂಡಿದೀವಿ" ಎಂದೆ.

ಅವರಿಗೆ ಅರ್ಥವಾಗಲಿಲ್ಲ, ಮೇಜಿನ ಬೇರೆ ಯಾರಿಗೂ ಆಗಲಿಲ್ಲ. ಅಕ್ಕನಿಗೆ ಆಯಿತು. ಮೊದಲು ಭುಜ ಅಲುಗಿತು, ಆಮೇಲೆ ಹಳೆಯ ಪಂಪ್‌ಸೆಟ್ ಶುರುವಾದ ಹಾಗೆ ಗೊರಗೊರ ಎಂದು ದೊಡ್ಡ ನಗು ಹೊರಬಂತು. ಅಷ್ಟು ವರ್ಷ ಜೊತೆಗೆ ಕೂತವರೆಲ್ಲ ತಂತಿ ಬಿಟ್ಟು ತಿರುಗಿ ನೋಡಿದರು. ಅವಳು ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು, ಸ್ಟೂಲಿನಿಂದ ಎದ್ದು ಬಾತ್‌ರೂಮಿಗೆ ಓಡಲಿಲ್ಲ.